ನದೀಮೂಲ, ಋಷಿಮೂಲ, ತುರಿಕೆಮೂಲ

ರಾತ್ರಿ ಎರಡು ಗಂಟೆಗೆ ಮಂಚದ ಕೆಳಗಿನಿಂದ 'ಸಳಪ್ ಸಳಪ್' ಅಂತ ಸದ್ದು ಬಂದರೆ ನೀವಾದರೂ ಏನಂದುಕೊಳ್ಳುತ್ತೀರಿ? ಎಲ್ಲೋ ನಲ್ಲಿ ಸೋರುತ್ತಿದೆ ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡು ಎದ್ದು, ಬಚ್ಚಲುಮನೆ, ಅಡುಗೆಮನೆ, ಹಿತ್ತಲು ಎಲ್ಲ ಕಡೆ ಹೋಗಿ ಒಂದೊಂದೇ ನಲ್ಲಿಯ ಕತ್ತು ಹಿಸುಕಿ ಬಂದು ಮಲಗಿದೆ. ಬೆಳಿಗ್ಗೆ ಯಾವ ನಲ್ಲಿಯನ್ನೂ ಯಾರಿಂದಲೂ ತಿರುಗಿಸಲಾಗದೆ ಮನೆಮಂದಿಯೆಲ್ಲ ಮುಖ ತೊಳೆಯದೆ ಕೂತಿದ್ದರು. ಸದ್ದು ಮಾತ್ರ ಮರುರಾತ್ರಿಯೂ ಬಂತು. ಮೂರನೇ ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಮಂಚದ ಕೆಳಗೆ ಬಗ್ಗಿ ನೋಡಿದರೆ, ನಮ್ಮ ಬೋಂಡ ತನ್ನ ಮುಂಗಾಲಿನ ಬೆರಳಸಂದಿಯನ್ನು ಐಸ್‌ಕ್ಯಾಂಡಿ ಚೀಪುವವನ ಏಕಾಗ್ರತೆಯಿಂದ ನೆಕ್ಕುತ್ತಿದ್ದ.

ಬೋಂಡ ನಮ್ಮ ನಾಯಿ. ಅರ್ಧ ಲ್ಯಾಬ್ರಡಾರ್, ಮಿಕ್ಕರ್ಧ ಮೈಸೂರಿನ ಕುವೆಂಪುನಗರದ ಯಾವುದೋ ಅನಾಮಧೇಯ ಬೀದಿವೀರನ ಕೊಡುಗೆ. ಈಗತಾನೆ ಎಣ್ಣೆಯಿಂದ ತೆಗೆದ ಬಣ್ಣ, ಆಕಾರವೂ ಅದೇ. ಆಗ ಅವನಿಗೆ ಎರಡು ವರ್ಷ. ಅವನು ಕಾಲು ನೆಕ್ಕುವುದನ್ನು ಕಂಡ ನನಗೆ ಆದದ್ದು ಗಾಬರಿಯಲ್ಲ, ಹೆಮ್ಮೆ. "ನಾನೇ ಎಷ್ಟೋ ದಿನ ಕಾಲು ತೊಳೆಯದೆ ಮಲಗಿಬಿಡ್ತೀನಿ, ನಮ್ಮ ಬೋಂಡ ನೋಡಿ, ನಾಲ್ಕೂ ಕಾಲು ತೊಳೆದೇ ಮಲಗೋದು" ಎಂದು ಬ್ಯಾಂಕಿನಲ್ಲಿ ಟೀ ಹೊತ್ತಿಗೆ ಹೇಳಿಕೊಂಡು ತಿರುಗಿದೆ. ತಿಂಗಳೊಪ್ಪತ್ತಿನಲ್ಲಿ ಅವನ ಬೆರಳಸಂದಿಯ ಬಿಳಿ ಕೂದಲು ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿತು. "ನೋಡು, ಮದರಂಗಿ ಹಚ್ಚಿದ ಹಾಗಿದೆ, ಶುಭಸೂಚನೆ" ಎಂದೆ. ಜೊಲ್ಲಿನಲ್ಲಿ ಪಾರ್ಫಿರಿನ್ ಎಂಬ ವಸ್ತು ಇರುತ್ತದೆ, ಒಂದೇ ಜಾಗವನ್ನು ಮತ್ತೆಮತ್ತೆ ನೆಕ್ಕಿದರೆ ಅಲ್ಲಿ ಹೀಗೆ ಕೆಂಚು ಬಣ್ಣ ಕೂರುತ್ತದೆ, ಅಂದರೆ ಆ ನಾಯಿಗೆ ಅಲ್ಲಿ ತಡೆಯಲಾರದ ತುರಿಕೆ ಇದೆ ಅಂತ ಅರ್ಥ ಎನ್ನುವುದು ನನಗೆ ತಿಳಿಯುವಷ್ಟರಲ್ಲಿ ಮದರಂಗಿ ಮೊಣಕೈವರೆಗೂ ಏರಿತ್ತು.

ಅಲ್ಲಿಂದಾಚೆಗೆ ಬೋಂಡ ನನಗೆ ಅರ್ಥವಾಗಲೆಂದು ತನ್ನ ಕೈಲಾದದ್ದೆಲ್ಲ ಮಾಡಿದ. ನನ್ನ ಪಂಚೆಗೆ ಮುಖ ಉಜ್ಜಿದ, ನಾನು ಪ್ರೀತಿ ಎಂದುಕೊಂಡೆ. ಅಂಗಾತ ಬಿದ್ದು ಹೊಟ್ಟೆ ಕೆರೆಯಲು ಕೊಟ್ಟ, ಕೆರೆದ ತಕ್ಷಣ ಹಿಂಗಾಲು ಗಾಳಿಯಲ್ಲಿ ಸೈಕಲ್ ತುಳಿಯುತ್ತಿತ್ತು, ನಾನು ಆನಂದ ಎಂದುಕೊಂಡೆ. ಆಮೇಲೆ ದಿನಕ್ಕೆ ಐವತ್ತು ಸಲ ತಲೆ ಒದರಿ ಕಿವಿಗಳನ್ನು ಪಟಪಟ ಬಡಿಯತೊಡಗಿದ. ಭಾನುವಾರ ಸಂಜೆ ನಾನು ಭಾವಗೀತೆ ಹಾಡಿಕೊಳ್ಳುವ ಪದ್ಧತಿ ಇದೆ (ಕೇಳುವವರು ಇದ್ದಾರೋ ಇಲ್ಲವೋ ಅನ್ನುವುದು ಬೇರೆ ವಿಷಯ). ಸರಿಯಾಗಿ ಚರಣಕ್ಕೆ ಬರುವ ಹೊತ್ತಿಗೆ ಪಟಪಟ! ಶ್ರುತಿ ತಪ್ಪಿತೇನೋ ಎಂದು ಅರ್ಧ ಮನೆ ಇಳಿಸಿ ಹಾಡಿದೆ. ಮತ್ತೆ ಪಟಪಟ. ರಾಗ ಬದಲಿಸಿದೆ. ಕಡೆಗೆ ಹಾಡುವುದನ್ನೇ ನಿಲ್ಲಿಸಿದೆ. ಮನೆಯಲ್ಲಿ ಬೋಂಡನ ಮರ್ಯಾದೆ ಇದ್ದಕ್ಕಿದ್ದಂತೆ ಹೆಚ್ಚಿತು. ಅಮ್ಮ ಅವತ್ತು ಅವನಿಗೆ ಒಂದು ಚಪಾತಿ ಜಾಸ್ತಿ ಹಾಕಿದಳು.

ಕಿವಿಯ ಜೊತೆಗೇ ಬಂದದ್ದು ವಾಸನೆ. ಹಳೇ ಮುಗ್ಗಲು ಬಟ್ಟೆ, ಹುಳಿಬಂದ ದೋಸೆಹಿಟ್ಟು ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಮರೆತಂಥ ವಾಸನೆ. ಎಲ್ಲೋ ಇಲಿ ಸತ್ತಿದೆ ಎಂದು ನಾನು ತೀರ್ಮಾನಿಸಿದೆ. ಒಂದು ಇಡೀ ಶನಿವಾರ ಸೋಫಾ, ಬೀರು, ಅಮ್ಮನ ಮರದ ಪೆಟ್ಟಿಗೆ ಎಲ್ಲವನ್ನೂ ಗೋಡೆಯಿಂದ ಎಳೆದೆ. ಬೀರು ಎಳೆಯುವಾಗ ಸೊಂಟ 'ಟಕ್' ಎಂದಿತು. ನಾನು ನೆಲದ ಮೇಲೆ ಅಂಗಾತ ಬಿದ್ದು, ಅದೇ ಭಂಗಿಯಲ್ಲಿ "ಆ ಮೂಲೆ ನೋಡು, ಈ ಮೂಲೆ ನೋಡು" ಎಂದು ಮಗಳಿಗೆ ನಿರ್ದೇಶನ ಕೊಡುತ್ತಿದ್ದೆ. ಬೋಂಡ ಬಂದು ನನ್ನ ಮುಖದ ಪಕ್ಕದಲ್ಲೇ ತಲೆಯಿಟ್ಟು ಮಲಗಿದ. ಆಗ ಗೊತ್ತಾಯಿತು, ಸತ್ತ ಇಲಿ ನನ್ನ ಮೂಗಿನಿಂದ ನಾಲ್ಕು ಅಂಗುಲ ದೂರದಲ್ಲಿ ಬಾಲ ಅಲ್ಲಾಡಿಸುತ್ತಿದೆ ಎಂದು. ಅದು ಅವನ ಕಿವಿ.

ಇಷ್ಟಾದ ಮೇಲೆ ಬುದ್ಧಿಯಿರುವವನು ಪಶುವೈದ್ಯರ ಹತ್ತಿರ ಹೋಗುತ್ತಾನೆ. ನಾನು ಅಡುಗೆಮನೆಗೆ ಹೋದೆ. ಬೇವಿನ ಸೊಪ್ಪು, ಕಸ್ತೂರಿ ಅರಿಸಿನ, ಕೊಬ್ಬರಿ ಎಣ್ಣೆ ಮೂರನ್ನೂ ಅರೆದು ಬೋಂಡನಿಗೆ ಅಡಿಯಿಂದ ಮುಡಿವರೆಗೆ ಬಳಿದೆ. ಅವನು ಅದನ್ನು ಔಷಧ ಎಂದು ಒಪ್ಪದೆ ಚಟ್ನಿ ಎಂದು ಸ್ವೀಕರಿಸಿದ. ಕಾಲಿಗೆ ಹಚ್ಚಿದ್ದು ಹೊಟ್ಟೆಗೆ ಹೋಯಿತು. ಬೆನ್ನಿಗೆ ಹಚ್ಚಿದ್ದು, ನಾಲಿಗೆ ಎಟುಕದ್ದರಿಂದ, ಉಳಿಯಿತು. ಅವತ್ತೇ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಾನು ಹೊಸ ಬಿಳಿ ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದಾಗ ಬೋಂಡ ಹೇಗೋ ಕಟ್ಟು ಬಿಚ್ಚಿಕೊಂಡು ಬಂದು, ನನ್ನ ಬೆನ್ನಿಗೆ ಬೆನ್ನು ಕೊಟ್ಟು, ಮೇಲಿಂದ ಕೆಳಕ್ಕೆ ಎರಡು ಸಲ ಉಜ್ಜಿ ಹೋದ. ನನಗೆ ಗೊತ್ತೇ ಆಗಲಿಲ್ಲ. ಪೂಜೆ ಮುಗಿದ ಮೇಲೆ ಐವತ್ತು ಜನಕ್ಕೆ ಬಗ್ಗಿ ಬಗ್ಗಿ ಪ್ರಸಾದ ಹಂಚಿದೆ. ಪುರೋಹಿತರು ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಯಜಮಾನ್ರೇ, ಹಿಂಭಾಗದಲ್ಲಿ ಏನೋ ಮಂಗಳದ್ರವ್ಯ ಅಂಟಿದೆ" ಎಂದರು. ಕನ್ನಡಿಯಲ್ಲಿ ನೋಡಿದರೆ ಇಡೀ ನಾಯಿಯೇ ಅಚ್ಚಾಗಿತ್ತು, ಬಾಲ ಸಮೇತ.

ಅರಿಸಿನ ತೊಳೆಯಲು ನನ್ನದೇ ತಲೆಹೊಟ್ಟಿನ ಶಾಂಪೂ ಹಾಕಿ ಉಜ್ಜಿದೆ. ಮನುಷ್ಯರ ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5.5, ನಾಯಿಯದು 7ರ ಆಸುಪಾಸು, ಹೊರಪದರವೂ ತೆಳು. ನಮ್ಮ ಶಾಂಪೂ ಅವಕ್ಕೆ ಆಗಿಬರುವುದಿಲ್ಲ. ಅಲ್ಲಿಯವರೆಗೆ ಕಾಲು, ಕಿವಿ, ಕಂಕುಳಲ್ಲಿ ಮಾತ್ರ ಇದ್ದ ತುರಿಕೆ ಈಗ ಹೊಸ ಹೊಸ ತಾಲ್ಲೂಕುಗಳಲ್ಲಿ ಶಾಖೆ ತೆರೆಯಿತು. ಪಾಪ, ನಮ್ಮ ಬೋಂಡ ತಲೆಹೊಟ್ಟಿಲ್ಲದೆ ಘಮಘಮಿಸುತ್ತ ಕೆರೆದುಕೊಂಡ.

ಇನ್ನು ಶಾಸ್ತ್ರೋಕ್ತವಾಗಿಯೇ ಹೋಗಬೇಕು ಎಂದು ಓದಲು ಕೂತೆ. ನಾಯಿಗಳ ಅಲರ್ಜಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಚಿಗಟವಂತೆ. ಚಿಗಟದ ಜೊಲ್ಲಿಗೇ ಅಲರ್ಜಿ. ಮೈಮೇಲೆ ಹಿಂಡು ಚಿಗಟ ಇರಬೇಕೆಂದಿಲ್ಲ, ಒಂದೆರಡು ಕಚ್ಚಿದರೂ ಅಂಥ ನಾಯಿ ಬಾಲದ ಬುಡ, ತೊಡೆಯ ಹಿಂಭಾಗವನ್ನೆಲ್ಲ ಕಚ್ಚಿ ಕೆರೆದು ಹಾಕಿಬಿಡುತ್ತದೆ. ಪತ್ತೆ ಹಚ್ಚಲು ಒಂದು ಸುಲಭ ಉಪಾಯವೂ ಇದೆ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೂದಲು ಬಾಚಿ, ಬಿದ್ದ ಕಪ್ಪು ಹುಡಿಯನ್ನು ಒದ್ದೆ ಬಿಳಿ ಹತ್ತಿಯ ಮೇಲೆ ಹಾಕಬೇಕು. ಬರೀ ಮಣ್ಣಾದರೆ ಕಪ್ಪಗೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ, ಅದು ಜೀರ್ಣವಾದ ರಕ್ತವಾದ್ದರಿಂದ, ಸುತ್ತ ಕೆಂಗಂದು ಬಣ್ಣ ಬಿಡುತ್ತದೆ.

ಬೆಳಿಗ್ಗೆ ಆರೂವರೆಗೆ, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಒದ್ದೆ ಹತ್ತಿ ಹಿಡಿದು ಬೋಂಡನ ಬೆನ್ನು ಬಾಚಿದೆ. ಬಿತ್ತು! ಕಪ್ಪು ಹುಡಿ, ಒಂದು ಚಿಟಿಕೆಯಷ್ಟು. ಹತ್ತಿಯ ಮೇಲೆ ಕೂತದ್ದೇ ತಡ, ಕಂದು ಬಣ್ಣ ಹಾಯಾಗಿ ಹರಡಿಕೊಂಡಿತು. "ಚಿಗಟ!" ಎಂದು ನಾನು ಕೂಗಿದ್ದು ಮೂರು ಮನೆಗೆ ಕೇಳಿಸಿತಂತೆ. ಮನೆಯಲ್ಲಿದ್ದ ಎಂಟು ಹಾಸಿಗೆ, ಹನ್ನೊಂದು ದಿಂಬು, ಅಜ್ಜಿ ಕಾಲದ ಕೌದಿ, ಪರದೆ, ಕಾಲೊರಸು ಎಲ್ಲವನ್ನೂ ನೋಯುವ ಸೊಂಟದ ಮೇಲೆ ಹೊತ್ತು ತಾರಸಿಗೆ ಹಾಕಿದೆ. ಕೊನೇ ದಿಂಬು ಇಟ್ಟು ಕೆಳಗಿಳಿದು ಬಂದರೆ ನನ್ನವಳು ಆ ಹತ್ತಿಯನ್ನು ಮೂಸಿ ನೋಡುತ್ತಿದ್ದಳು.

"ರೀ, ಇದು ಕಾಫಿಪುಡಿ."

ಬೆಳಿಗ್ಗೆ ಫಿಲ್ಟರಿಗೆ ಪುಡಿ ಹಾಕುವುದು ನನ್ನ ಕೆಲಸ. ಹಾಕುವಾಗ ಅಂಗಿಯ ತೋಳಿಗೆ, ಬನೀನಿಗೆ ಒಂದಿಷ್ಟು ಚೆಲ್ಲಿಕೊಳ್ಳುವುದು ನನ್ನ ಸ್ವಭಾವ. ಬೋಂಡನ ಮೇಲೆ ಬಗ್ಗಿ ಬಾಚುವಾಗ ಉದುರಿದ್ದು ಅದೇ. "ಒಳ್ಳೇ ಪುಡಿ ಕಣ್ರೀ, ಚಿಕೋರಿ ಕಮ್ಮಿ ಇದೆ" ಎಂದೂ ಸೇರಿಸಿದಳು. ಅಷ್ಟರಲ್ಲಿ ಹೊರಗೆ ಗುಡುಗಿತು. ಅದು ಜೂನ್ ತಿಂಗಳು. ಎಂಟು ಹಾಸಿಗೆಗಳನ್ನು ತಾರಸಿಯಿಂದ ಇಳಿಸುವ ಹೊತ್ತಿಗೆ ಒಂದೊಂದು ಹಾಸಿಗೆಯೂ ಒಂದೊಂದು ಎಮ್ಮೆಯ ತೂಕವಾಗಿತ್ತು. ಅವು ಹದಿನೈದು ದಿನವಾದರೂ ಪೂರ್ತಿ ಒಣಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ಆಮೇಲೆ ಶಾಂತವಾಗಿ ತಿಳಿಸಿದಳು: "ಅಪ್ಪ, ಹಾಸಿಗೆಯಲ್ಲಿ ಧೂಳಿನ ನುಸಿ ಅಂತ ಕಣ್ಣಿಗೆ ಕಾಣದ ಹುಳ ಇರತ್ತೆ. ನಾಯಿಗಳಿಗೆ ಅದರ ಅಲರ್ಜಿ ತುಂಬ. ಅದಕ್ಕೆ ತೇವ ಅಂದ್ರೆ ಪ್ರಾಣ." ಅಂದರೆ ನಾನು ಇಲ್ಲದ ಚಿಗಟವನ್ನು ಓಡಿಸಲು ಹೋಗಿ, ಇರಬಹುದಾದ ನುಸಿಗೆ ಮಳೆಗಾಲದ ರೆಸಾರ್ಟ್ ಕಟ್ಟಿಕೊಟ್ಟಿದ್ದೆ.

ಮನೆಯೊಳಗೆ ಸೋತವನು ಬೀದಿಗಿಳಿಯುವುದು ಸಹಜ. ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿತ್ತು. ಪಾರ್ಥೇನಿಯಂ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಅಲ್ಲಿಂದ ದೇಶವನ್ನೆಲ್ಲ ಹಬ್ಬಿದ ಕಳೆ. ಅದು ಮುಟ್ಟಿದರೆ ಚರ್ಮಕ್ಕೆ ತುರಿಕೆ, ಪರಾಗ ಮೂಗಿಗೆ ಹೋದರೆ ಸೀನು ಎಂಬುದನ್ನು ಕರ್ನಾಟಕದಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬೋಂಡ ದಿನಾ ಬೆಳಿಗ್ಗೆ ಅದರೊಳಗೇ ಹೊಕ್ಕು ತನ್ನ ಖಾಸಗಿ ವ್ಯವಹಾರ ಮುಗಿಸುತ್ತಿದ್ದ. ಸಿಕ್ಕಿದ ಕಳ್ಳ! ಇದನ್ನು ತಿನ್ನಲೆಂದು ಮೆಕ್ಸಿಕೋದಿಂದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಆ ದುಂಬಿಯ ಸಂತತಿ ಇವತ್ತಿನವರೆಗೂ ತಿಂದು ಮುಗಿಸಲಾಗದ್ದನ್ನು ನಾನೊಬ್ಬನೇ ಒಂದು ಭಾನುವಾರ ಬೆಳಿಗ್ಗೆ, ಬರಿಗೈಯಲ್ಲಿ, ಅರ್ಧ ತೋಳಿನ ಬನೀನು ತೊಟ್ಟು ಕೀಳಲು ಹೊರಟೆ. ಮಧ್ಯಾಹ್ನದ ಹೊತ್ತಿಗೆ ಸೈಟು ನುಣ್ಣಗಾಗಿತ್ತು, ಸಂಜೆಗೆ ನನ್ನ ಮೈ ದದ್ದರಿಸಿತ್ತು. ರಾತ್ರಿ ನಾನು ಮಂಚದ ಮೇಲೆ ಪರಪರ, ಬೋಂಡ ಮಂಚದ ಕೆಳಗೆ ಪರಪರ. ನಡುನಡುವೆ ಇಬ್ಬರೂ ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದೆವು. ಅವನ ಕಣ್ಣಿನಲ್ಲಿ ಮೊದಲ ಸಲ ನನ್ನ ಬಗ್ಗೆ ಗೌರವ ಕಂಡೆ.

ಸಾಲದ್ದಕ್ಕೆ ಅವನ ಪಾದಕ್ಕೆ ನೆಲ ತಾಗಬಾರದೆಂದು ಮಗಳ ಹಳೇ ಕಾಲುಚೀಲಗಳನ್ನು ನಾಲ್ಕೂ ಕಾಲಿಗೆ ತೊಡಿಸಿ ರಬ್ಬರ್‌ಬ್ಯಾಂಡ್ ಹಾಕಿ ವಾಕಿಂಗ್ ಕರೆದುಕೊಂಡು ಹೋದೆ. ಬೋಂಡ ಒಂದೊಂದೇ ಕಾಲನ್ನು ಎತ್ತಿ, ಗಾಳಿಯಲ್ಲಿ ಕುಣಿಸಿ, ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಗತ್ತಿನಲ್ಲಿ ಹೆಜ್ಜೆ ಹಾಕಿದ. ದದ್ದುಗಳಿಗೆ ಬಿಳೀ ಲೋಶನ್ ಬಳಿದುಕೊಂಡಿದ್ದ ನಾನು ಪಕ್ಕದಲ್ಲಿ. ಪಾರ್ಕಿನ ಮಕ್ಕಳು ಆಟ ನಿಲ್ಲಿಸಿ, ಮೇಳ ಬಂತೆಂದು ಹಿಂದೆ ಬಂದವು.

ಇಷ್ಟು ದಿನ ಎಲ್ಲ ಲಕ್ಷಣಗಳನ್ನೂ ತಪ್ಪಾಗಿ ಓದಿದವನು, ಕಣ್ಣಿಗೆ ರಾಚುವಂಥದ್ದನ್ನಾದರೂ ಸರಿಯಾಗಿ ಓದಬೇಕಲ್ಲ? ಒಂದು ಬೆಳಿಗ್ಗೆ ಬೋಂಡ ದಾಸವಾಳದ ಗಿಡದ ಹತ್ತಿರ ಏನನ್ನೋ ಬಾಯಿ ಹಾಕಿ ಹಿಡಿದು ಉಗಿದ. ಹದಿನೈದು ನಿಮಿಷದಲ್ಲಿ ಅವನ ಮುಖ ಅದ್ಭುತವಾಗಿ ತುಂಬಿಕೊಂಡಿತು. ಮೂತಿ ದುಂಡಗಾಗಿ, ಕೆನ್ನೆ ಉಬ್ಬಿ, ಕಣ್ಣು ಕಿರಿದಾಗಿ, ನೆಮ್ಮದಿಯ ಸಾಹುಕಾರನ ಕಳೆ ಬಂತು. ಅಂತೂ ನನ್ನ ಆರೈಕೆ ಮೈಗೆ ಹತ್ತಿತು ಎಂದು ಕಣ್ತುಂಬಿ ಬಂದು, ಫೋಟೊ ತೆಗೆದು, 'ನೋಡಿ, ಎಷ್ಟು ಕಳೆಕಳೆಯಾಗಿದ್ದಾನೆ' ಎಂದು ಬರೆದು ಮನೆಮಂದಿಯ ಗುಂಪಿಗೆ ಕಳಿಸಿದೆ. ಮಗಳು ಕಾಲೇಜಿನಿಂದ ಫೋನ್ ಮಾಡಿ ಕಿರುಚಿದಳು. "ಅಪ್ಪಾ! ಅದು ಕಳೆ ಅಲ್ಲ, ಊತ! ಜೇನುನೊಣ ಕಚ್ಚಿದೆ. ಉಸಿರು ಕಟ್ಟಬಹುದು, ಈಗಲೇ ಡಾಕ್ಟ್ರ ಹತ್ರ ಓಡು!"

ಓಡಿದೆ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲಿಗೆ ಶೂ.

ಡಾಕ್ಟರಮ್ಮ ನನ್ನನ್ನು ನೋಡಿ, ನಾಯಿಯನ್ನು ನೋಡಿ, ಮತ್ತೆ ನನ್ನ ದದ್ದುಗಳನ್ನು ನೋಡಿ, ಇಂಜೆಕ್ಷನ್ ಯಾರಿಗೆ ಎಂದು ಒಂದು ಕ್ಷಣ ಯೋಚಿಸಿದ ಹಾಗಿತ್ತು. ಬೋಂಡನಿಗೇ ಕೊಟ್ಟರು. ಊತ ಇಳಿಯುವವರೆಗೆ ಕೂರಿಸಿಕೊಂಡು, ಅವನ ಪಾದ ಎತ್ತಿ ಬೆರಳಸಂದಿ ಬಿಡಿಸಿ ನೋಡಿದರು. ಕಿವಿ ಮಗುಚಿದರು. ಕಂಕುಳು ನೋಡಿದರು. ಅಲ್ಲಿನ ಚರ್ಮ ಆನೆಯ ಚರ್ಮದಂತೆ ಕಪ್ಪಗೆ ದಪ್ಪಗಾಗಿತ್ತು.

"ಸಾರ್, ಊತ ಇವತ್ತಿಂದು. ಇದೆಲ್ಲ ಎಷ್ಟು ದಿನದ್ದು?"

"ಅದು ಅವನ ಅಭ್ಯಾಸ ಡಾಕ್ಟ್ರೇ, ಸ್ವಲ್ಪ ಶುಚಿ ಜಾಸ್ತಿ" ಎಂದೆ.

ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಆ ವಾರವೆಲ್ಲ ಬೋಂಡ ಕೆರೆದುಕೊಳ್ಳಲೇ ಇಲ್ಲ. ತುರಿಕೆ ವಾಸಿಯಾಯಿತೆಂದು ನಾನು ಬ್ಯಾಂಕಿನಲ್ಲಿ ಮೈಸೂರು ಪಾಕು ಹಂಚಿದೆ. ಅದು ಇಂಜೆಕ್ಷನ್ನಿನಲ್ಲಿದ್ದ ಸ್ಟಿರಾಯ್ಡ್‌ನ ಮಹಿಮೆ, ತುರಿಕೆಯನ್ನು ಮಲಗಿಸುತ್ತದೆ, ಕಾರಣವನ್ನಲ್ಲ ಎಂದು ಎಂಟನೇ ರಾತ್ರಿ ಮಂಚದ ಕೆಳಗಿನಿಂದ 'ಸಳಪ್ ಸಳಪ್' ಎಂದು ಬೋಂಡನೇ ತಿಳಿಸಿದ. ಮೈಸೂರು ಪಾಕು ವಾಪಸ್ ಕೇಳುವ ಹಾಗಿರಲಿಲ್ಲ.

ನಡುವೆ ನಾನು ಪಂಡಿತನೂ ಆದೆ. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬುವರು ಕಡಲ ಹೂವಿನಂಥ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡಿದರು. ಮೊದಲ ಸಲ ತಡೆದುಕೊಂಡ ನಾಯಿ, ಕೆಲವು ವಾರ ಬಿಟ್ಟು ತೀರ ಸ್ವಲ್ಪವೇ ಕೊಟ್ಟಾಗ ನಿಮಿಷಗಳಲ್ಲಿ ಕುಸಿದುಬಿತ್ತು. ಮೈ ಒಮ್ಮೆ ಕಂಡ ಶತ್ರುವನ್ನು ನೆನಪಿಟ್ಟುಕೊಂಡು ಎರಡನೇ ಸಲ ಅತಿರೇಕ ಮಾಡುತ್ತದೆ ಎಂಬುದು ಹೀಗೆ ಗೊತ್ತಾಯಿತು. ರಿಶೆಗೆ 1913ರಲ್ಲಿ ನೊಬೆಲ್ ಬಂತು. 'ಅಲರ್ಜಿ' ಎಂಬ ಮಾತನ್ನು ಟಂಕಿಸಿದ್ದು 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ. ಇದನ್ನೆಲ್ಲ ನಾನು ಊಟದ ಹೊತ್ತಿನಲ್ಲಿ ತಟ್ಟೆಯ ಮುಂದೆ ಕೂತು ಕೈಯಾಡಿಸುತ್ತ ವಿವರಿಸುತ್ತಿದ್ದೆ. ಮನೆಯಲ್ಲಿ ಮೈಮರೆತು ಕೇಳುತ್ತಿದ್ದವನು ಬೋಂಡ ಒಬ್ಬನೇ. ಅವನ ಕಣ್ಣು ನನ್ನ ಕೈಯ ಮೇಲಿರುತ್ತಿತ್ತು. ಈ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಂಡಿತನಾದವನು ಅಡ್ಡದಾರಿಯನ್ನೂ ಹುಡುಕಿದೆ. ನಾಯಿಯ ಕೂದಲು ಕಳಿಸಿದರೆ ಅಲರ್ಜಿ ಪಟ್ಟಿ ಕಳಿಸುವವರು ಇದ್ದಾರೆಂದು ತಿಳಿದು, ಸೋಫಾದ ಮೇಲಿಂದ ಕೂದಲು ಆರಿಸಿ ಲಕೋಟೆಗೆ ಹಾಕಿದೆ. ನನ್ನವಳು ಲಕೋಟೆಯನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಬೆಳ್ಳಗಿರೋದೆಲ್ಲ ನಿಮ್ದು" ಎಂದಳು. ತಲೆಯ ಮೇಲೆ ಲೆಕ್ಕಕ್ಕೆ ಉಳಿದ ಕೂದಲಲ್ಲಿ ಇಷ್ಟೊಂದು ಸೋಫಾಕ್ಕೆ ಹೋಗಿದೆ ಎಂಬ ದುಃಖದಲ್ಲಿ ಆ ಯೋಜನೆ ನಿಂತಿತು. ಡಾಕ್ಟರಮ್ಮನಿಗೆ ಹೇಳಿದರೆ ನಕ್ಕುಬಿಟ್ಟರು. ಅಮೆರಿಕದ ಪಶು ಚರ್ಮತಜ್ಞರು ಇಂಥದೇ ಪರೀಕ್ಷೆಯೊಂದಕ್ಕೆ ನಾಯಿಗಳ ಕೂದಲು, ಜೊಲ್ಲಿನ ಜೊತೆಗೆ ಕೃತಕ ತುಪ್ಪಳ, ಬರೀ ಉಪ್ಪುನೀರನ್ನೂ ಕಳಿಸಿ ನೋಡಿದ್ದರಂತೆ. ಅವಕ್ಕೂ ಅಲರ್ಜಿ ಇದೆ ಎಂದೇ ವರದಿ ಬಂತಂತೆ.

"ಒಂದು ಹನಿ ರಕ್ತದಲ್ಲೋ ಒಂದು ಎಳೆ ಕೂದಲಲ್ಲೋ ಆಹಾರದ ಅಲರ್ಜಿ ಗೊತ್ತಾಗಲ್ಲ ಸಾರ್. ಒಂದೊಂದಾಗಿ ಕಳೀತಾ ಹೋಗಬೇಕು" ಎಂದು ಅವರು ಕೆಲಸ ಶುರುಮಾಡಿದರು. ಕಿವಿಯ ಅಂಚನ್ನು ಬೆರಳಲ್ಲಿ ತಿಕ್ಕಿದರು. ಕಜ್ಜಿಯ ಹುಳವಿದ್ದರೆ ಬಹಳಷ್ಟು ನಾಯಿಗಳ ಹಿಂಗಾಲು ತಾನೇ ಕೆರೆಯಲು ಬರುತ್ತದಂತೆ. ಬರಲಿಲ್ಲ. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಹುಳವಿಲ್ಲ. ಕಿವಿಯ ಗುಗ್ಗೆಯಲ್ಲಿ ಯೀಸ್ಟ್ ತುಂಬಿತ್ತು, ನನ್ನ 'ಸತ್ತ ಇಲಿ' ಅದೇ. ಅದು ಅಲರ್ಜಿಯ ಬೆನ್ನು ಹತ್ತಿ ಬಂದದ್ದು. ಚಿಗಟ ಕಾಣದಿದ್ದರೂ ಚಿಗಟದ ಔಷಧ ಕೊಟ್ಟರು. ಬಾಲದ ಬುಡದಲ್ಲಿ ತುರಿಕೆಯಿದ್ದರೆ ಚಿಗಟ; ಪಾದ, ಮುಖ, ಕಿವಿ, ಕಂಕುಳು, ತೊಡೆಸಂದಿಯಾದರೆ ಧೂಳು-ಪರಾಗ, ಇಲ್ಲವೇ ಊಟ; ಈ ಎರಡನ್ನು ಬರಿಗಣ್ಣಲ್ಲಿ ಬೇರೆ ಮಾಡುವ ಹಾಗಿಲ್ಲ ಎಂದರು. "ವರ್ಷವಿಡೀ ಇದೆಯಾ, ಒಂದು ಕಾಲದಲ್ಲಿ ಮಾತ್ರವಾ?" ಅಂದರು. ನಾನು ಮದರಂಗಿಯ ದಿನಗಳನ್ನು ನೆನೆದು "ವರ್ಷವಿಡೀ" ಎಂದೆ. "ಏನು ತಿಂತಾನೆ?"

"ಕೋಳಿಯ ಒಣ ಫುಡ್ಡು ಡಾಕ್ಟ್ರೇ. ಅದು ಬಿಟ್ಟು ಬೇರೇನೂ ಮುಟ್ಟಲ್ಲ."

ನನ್ನ ಪಕ್ಕದಲ್ಲಿದ್ದ ನನ್ನವಳು ಕೆಮ್ಮಿ, ಅತ್ತೆ ಹಾಕುವ ಚಪಾತಿ, ಮಗಳು ಕೊಡುವ ಬಿಸ್ಕತ್ತು, ತಾನು ಹಾಕುವ ಹಾಲು ಎಲ್ಲವನ್ನೂ ನ್ಯಾಯಾಲಯದಲ್ಲಿ ಹೇಳುವಂತೆ ಹೇಳಿದಳು. ನಾನೇನು ಕೊಡುತ್ತೇನೆಂದು ಅವರು ಕೇಳಿದಾಗ ಪ್ರಾಮಾಣಿಕವಾಗಿ "ಏನೂ ಇಲ್ಲ" ಎಂದೆ.

ತೀರ್ಪು ಬಂತು: ಎಂಟು ವಾರ ಒಂದೇ ಬಗೆಯ ವಿಶೇಷ ಆಹಾರ. ಅದರಲ್ಲಿನ ಪ್ರೋಟೀನನ್ನು ತೀರ ಸಣ್ಣ ಚೂರುಗಳಾಗಿ ಒಡೆದಿರುತ್ತಾರೆ, ಮೈಗೆ ಗುರುತು ಸಿಗುವುದಿಲ್ಲ. ನಾನು ಬ್ಯಾಂಕಿನವನು, ತಕ್ಷಣ ಅರ್ಥವಾಯಿತು: ದಾಖಲೆ ಕತ್ತರಿಸುವ ಯಂತ್ರಕ್ಕೆ ಕೋಳಿಯನ್ನು ಹಾಕಿದ ಹಾಗೆ. ಅದರ ಬೆಲೆಯೂ ಅರ್ಥವಾಯಿತು. ಆ ತಿಂಗಳು ನಾವು ಸಾಸಿವೆಯನ್ನು ಎಣಿಸಿ ಒಗ್ಗರಣೆ ಹಾಕಿದೆವು. ಎಂಟು ವಾರ ಬಿಸ್ಕತ್ತಿಲ್ಲ, ಚಪಾತಿಯಿಲ್ಲ, ರುಚಿ ಬೆರೆಸಿದ ಮಾತ್ರೆಯೂ ಇಲ್ಲ, ಬೆಣ್ಣೆಯೊಳಗೆ ಮಾತ್ರೆ ಹುದುಗಿಸುವ ಹಾಗೂ ಇಲ್ಲ. ಒಂದು ತುತ್ತು ತಪ್ಪಿದರೂ ಲೆಕ್ಕ ಮೊದಲಿಂದ.

ಮನೆಗೆ ಬಂದವನೇ ನಾನು ಸರ್ವಾಧಿಕಾರಿಯಾದೆ. 'ಬೋಂಡನಿಗೆ ಏನನ್ನೂ ಕೊಡಬಾರದು' ಎಂದು ಕೆಂಪು ಶಾಯಿಯಲ್ಲಿ ಬರೆದು ಐದು ಕಡೆ ಅಂಟಿಸಿದೆ. ಬಿಸ್ಕತ್ತಿನ ಡಬ್ಬಿಗೆ ಬೀಗ ಹಾಕಿದೆ. ಹೆತ್ತ ತಾಯಿ ದೇವರ ಮುಂದಿಟ್ಟ ಹಾಲಿನ ಬಟ್ಟಲನ್ನು ಅಳೆದು ಇಟ್ಟು, ಅಳೆದು ತೆಗೆಯುತ್ತಿದ್ದೆ. ಮೂರು ವಾರ ಕಳೆಯಿತು. ಸಳಪ್ ಸಳಪ್ ನಿಲ್ಲಲಿಲ್ಲ. ಮನೆಯಲ್ಲಿ ಯಾರೋ ದ್ರೋಹಿಗಳಿದ್ದಾರೆ! ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ವಿಚಾರಣೆ ಮಾಡಿದೆ. ಅಮ್ಮ, "ಲೋ, ನನ್ನ ಮೇಲೂ ಅನುಮಾನವೇನೋ?" ಎಂದು ಎರಡು ದಿನ ಮಾತು ಬಿಟ್ಟಳು.

ಆಮೇಲೆ ಶ್ರಾವಣದ ಮದುವೆಯೊಂದಕ್ಕೆ ಮೂವರೂ ಹಾಸನಕ್ಕೆ ಹೋದರು. ನಾನು ಮತ್ತು ಬೋಂಡ ಮಾತ್ರ. ಸುವರ್ಣಾವಕಾಶ! ದ್ರೋಹಿಗಳಿಲ್ಲದ ಮೂರು ದಿನ ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿ, ನಾಲ್ಕನೇ ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಎದೆಯುಬ್ಬಿಸಿ ಕೂತೆ. "ಮೂರು ದಿನದಿಂದ ಮನೇಲಿ ನಾನೊಬ್ಬನೇ ಡಾಕ್ಟ್ರೇ. ಅವನ ಬಾಯಿಗೆ ಆ ಫುಡ್ಡು ಬಿಟ್ಟು ಒಂದು ಕಾಳೂ ಹೋಗಿಲ್ಲ. ಆದರೂ ನಿನ್ನೆ ರಾತ್ರಿಯೆಲ್ಲ ನೆಕ್ಕಿದಾನೆ. ಇದು ಊಟದ್ದಲ್ಲವೇ ಅಲ್ಲ."

ಅವರು ಸುಮ್ಮನೆ ಚಿಗಟದ ಬಾಚಣಿಗೆ ತೆಗೆದು ಬೆನ್ನು, ಬಾಲ, ಕತ್ತು ಬಾಚಿ, ಕೊನೆಗೆ ಗದ್ದದ ಕೆಳಗೆ ಬಾಚಿದರು. ಒದ್ದೆ ಹತ್ತಿಯ ಮೇಲೆ 'ಟಿಕ್' ಎಂದು ಒಂದು ಕಪ್ಪು ಕಾಳು ಬಿತ್ತು.

"ನೋಡಿದ್ರಾ! ಚಿಗಟ!" ಎಂದು ನಾನು ಕುರ್ಚಿಯಿಂದ ಎದ್ದೆ.

ಡಾಕ್ಟರಮ್ಮ ಅದನ್ನು ಉಗುರಿನಿಂದ ಒತ್ತಿದರು. ಮೂಗಿನ ಹತ್ತಿರ ಹಿಡಿದರು. "ಸಾರ್, ಇದು ಸಾಸಿವೆ. ಒಗ್ಗರಣೇದು." ಬಾಚಣಿಗೆಯ ಹಲ್ಲಿಗೆ ಸಿಕ್ಕಿದ್ದ ಇನ್ನೊಂದನ್ನೂ ತೆಗೆದರು. ಕರಿಬೇವಿನ ಚೂರು. ಅದರ ಬೆನ್ನಿಗೆ ಒಣಗಿದ ಬಿಳಿ ಪದರ.

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಆಗ ಬೋಂಡ, ಸಾಕ್ಷಿ ಹೇಳಲು ಬಂದವನಂತೆ ಎದ್ದು ಬಂದು, ನನ್ನ ಬಲಗೈಯನ್ನು ಮೂತಿಯಿಂದ ಮಗುಚಿ, ಹೆಬ್ಬೆರಳಿಂದ ಶುರುಮಾಡಿ ಕಿರುಬೆರಳವರೆಗೆ, ಒಂದೊಂದು ಸಂದಿಯನ್ನೂ ಬಹುಕಾಲದ ಅಭ್ಯಾಸವಿದ್ದವನಂತೆ ನೆಕ್ಕತೊಡಗಿದ.

ನಿಮ್ಮಾಣೆ, ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಪ್ರತಿ ರಾತ್ರಿ ಮೊಸರನ್ನ ಕಲಸಿ, ಕೊನೇ ತುತ್ತನ್ನು ನೋಡದೆಯೇ ಎಡಕ್ಕೆ ಚಾಚುವುದು, ಅಲ್ಲೊಂದು ಬೆಚ್ಚನೆಯ ಬಾಯಿ ಅದನ್ನು ತೆಗೆದುಕೊಳ್ಳುವುದು, ಆಮೇಲೆ ಕೈಯನ್ನೂ ಒಪ್ಪಮಾಡಿಕೊಡುವುದು ಎರಡು ವರ್ಷದಿಂದ ನಡೆದು ಬಂದಿತ್ತು. ಮಾತು ರಿಶೆ, ಪಿರ್ಕೆಯ ಮೇಲೆ, ಕೈ ತನ್ನ ಪಾಡಿಗೆ. ಅದನ್ನು ನಾನು 'ತಿನ್ನಿಸುವುದು' ಎಂದು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ನಾಯಿಗಳ ಆಹಾರದ ಅಲರ್ಜಿಯಲ್ಲಿ ಹೆಚ್ಚಾಗಿ ಸಿಕ್ಕಿಬೀಳುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಅದೂ ಹೊಸದಾಗಿ ತಿಂದದ್ದಲ್ಲ, ಬಹಳ ದಿನದಿಂದ ತಿಂದು ಬಂದದ್ದೇ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ನಾನು ಅಮ್ಮನಿಗೆ ಯಾವ ಮುಖ ತೋರಿಸಲಿ ಎಂದು ಯೋಚಿಸುತ್ತಿದ್ದೆ. ಆ ಸಂಜೆ ಐದೂ ನೋಟಿಸುಗಳ ಕೆಳಗೆ ಮಗಳು ನೀಲಿ ಶಾಯಿಯಲ್ಲಿ ಒಂದು ಪದ ಸೇರಿಸಿದಳು: 'ಅಪ್ಪ'.

ಲೆಕ್ಕ ಮೊದಲಿಂದ ಶುರುವಾಯಿತು. ಈ ಸಲ ಆರನೇ ವಾರಕ್ಕೆ ರಾತ್ರಿಗಳು ಎಷ್ಟು ಸದ್ದಿಲ್ಲದಾದವೆಂದರೆ ನನಗೇ ನಿದ್ದೆ ಬರಲಿಲ್ಲ. ಕೆಂಚು ಬಣ್ಣ ಬುಡದಿಂದ ಬಿಳಿಯಾಗುತ್ತ ಬಂತು. ಎಂಟು ವಾರ ಮುಗಿದ ಮೇಲೆ, ಖಾತ್ರಿ ಮಾಡಿಕೊಳ್ಳಲು ಬಿಟ್ಟದ್ದನ್ನೆಲ್ಲ ಒಂದೊಂದಾಗಿ ವಾಪಸ್ ಕೊಟ್ಟು ನೋಡಬೇಕೆಂದರು. ಹಳೇ ಕೋಳಿ ಫುಡ್ಡು ಎರಡು ವಾರ ಕೊಟ್ಟೆವು, ಏನೂ ಆಗಲಿಲ್ಲ. ಚಪಾತಿಯೂ ಪಾಸಾಯಿತು. ಆಮೇಲೆ ಅಧಿಕೃತವಾಗಿ, ಮನೆಮಂದಿಯೆಲ್ಲರ ಸಮ್ಮುಖದಲ್ಲಿ, ಮೊಸರು. ನಾಲ್ಕನೇ ರಾತ್ರಿ ಎರಡು ಗಂಟೆಗೆ ಮಂಚದ ಕೆಳಗೆ 'ಸಳಪ್'. ನಾನು ಹಾರಿ ಎದ್ದು ದೀಪಗಳನ್ನೆಲ್ಲ ಹಾಕಿ, "ಏಳ್ರೋ! ನೆಕ್ತಿದಾನೆ! ನೆಕ್ತಿದಾನೆ!" ಎಂದು ಕುಣಿದೆ. ಕಷ್ಟಪಟ್ಟು ಮುಖ ಎತ್ತಿ ನೋಡಿದ ಬೋಂಡ, ಇದೆಲ್ಲ ಇವನ ಅಭ್ಯಾಸ ಎಂಬಂತೆ ಮತ್ತೆ ಕ್ಯಾಂಡಿಗೆ ಬಾಯಿ ಹಾಕಿದ.

ಅವತ್ತಿನಿಂದ ಅವನಿಗೆ ಹಾಲು, ಮೊಸರು, ಬೆಣ್ಣೆ ಬಂದ್. ನನಗೂ ಬಂದ್ ಆದ ಹಾಗೆಯೇ, ಏಕೆಂದರೆ ಆ ಎರಡು ಕಣ್ಣುಗಳ ಎದುರಿಗೆ ಮೊಸರನ್ನ ತಿನ್ನುವ ಗುಂಡಿಗೆ ನನಗಿಲ್ಲ. ಬಾಗಿಲು ಹಾಕಿಕೊಂಡು ತಿಂದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಒದ್ದೆ ಮೂಗು ಕಾಣುತ್ತದೆ. ಕಡೆಗೆ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಜಾಗ ಮಾಡಿಕೊಂಡೆ.

ಮೊನ್ನೆ ರಾತ್ರಿ ಹೀಗೇ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಾಗ, ಎದುರು ಮನೆಯ ತಾರಸಿಯಿಂದ ಟಾರ್ಚಿನ ಬೆಳಕು ಮುಖಕ್ಕೆ ಬಿತ್ತು. ಹೊಸದಾಗಿ ಬಾಡಿಗೆಗೆ ಬಂದ ಹಿರಿಯರು.

"ಯಾರದು? ಓ, ನೀವಾ ಸಾರ್! ಇಲ್ಲೇನು ಈ ಹೊತ್ತಲ್ಲಿ? ಮನೇಲಿ ಏನಾದ್ರೂ..."

"ಏನಿಲ್ಲ ಸಾರ್" ಎಂದೆ, ಬಾಯಿ ತುಂಬ ಅನ್ನ. "ಬೋಂಡ ಇದೆಯಲ್ಲ, ಮನೇಲಿ ಗೊತ್ತಾಗಬಾರದು ಅಂತ..."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಟಾರ್ಚು ಆರಿಸಿದರು. ಆಮೇಲೆ ತಮ್ಮ ಟ್ಯಾಂಕಿನ ಹಿಂದೆ ಕೈಹಾಕಿ, ಎಣ್ಣೆ ಹೀರಿದ ಒಂದು ಪೊಟ್ಟಣ ಹೊರತೆಗೆದು, ತಗ್ಗಿದ ದನಿಯಲ್ಲಿ ಹೇಳಿದರು:

"ನನಗೂ ಶುಗರ್ ಬಂದಾಗಿಂದ ಇದೇ ಜಾಗ ಸಾರ್. ನನ್ನ ಹತ್ರ ಎರಡಿದೆ. ಚಟ್ನಿ ಏನಾದ್ರೂ ಇದೆಯಾ ನಿಮ್ಮ ಕಡೆ?"